ಬೆಲೆ ಹೇಳಕೂಡದ ಐದು ವರ್ಷ

ಜೂನ್ ಹತ್ತು, ಮಂಗಳವಾರ. ಬೆಳಗಿನಿಂದ ಮೋಡ, ವಿಪರೀತ ಸೆಕೆ.

ಸಿಂಗಾಪುರದ ಹೌಗಾಂಗ್‌ನಲ್ಲಿ, ತಮ್ಮ ಬ್ಲಾಕಿನ ಕೆಳಗಿನ ತೆರೆದ ಜಗಲಿಯಂಥ ವಾಯ್ಡ್ ಡೆಕ್‌ನಲ್ಲಿ ವಸುಧಾ ಕಾಯುತ್ತಿದ್ದರು. ಅವರ ಗಂಡ ನನ್ನ ಸಹೋದ್ಯೋಗಿ. ಆತ ತೀರಿಕೊಂಡ ಮೇಲೆ, ಆತ ಬರೆದ ಸಾಫ್ಟ್‌ವೇರ್ ಸಮೇತ ನಮ್ಮ ಕಂಪನಿ ಮಾರಾಟವಾಯಿತು. ಬೆಲೆಯನ್ನು ಐದು ವರ್ಷ ಯಾರಿಗೂ ಹೇಳಕೂಡದೆಂಬ ಕರಾರಿಗೆ ನಾನೂ ಸಹಿ ಹಾಕಿದ್ದೆ. ಆ ಗಡುವು ಹಿಂದಿನ ದಿನ ಮುಗಿದಿತ್ತು.

“ಇನ್ನಾದ್ರೂ ಹೇಳಿ. ಇಷ್ಟು ವರ್ಷ ಬಾಯಿ ಬಿಡ್ಲಿಲ್ಲ ಅಂದ್ರೆ ದೊಡ್ಡ ಅಮೌಂಟೇ ಇರ್ಬೇಕು. ಮಗಳಿಗೆ, ನಿಮ್ಮಪ್ಪನ ಕೆಲಸಕ್ಕೆ ಮಿಲಿಯನ್‌ಗಟ್ಟಲೆ ಬಂತು ಅಂತ ಹೇಳ್ಕೊಂಡು ಬಂದಿದೀನಿ.”

“ಗೊತ್ತಿಲ್ಲದೆ ಹೇಳಬಾರದಿತ್ತು.”

“ನೀವು ಗೊತ್ತಿದ್ದೂ ಹೇಳ್ಲಿಲ್ವಲ್ಲ!”

ಗಡುವು ಇನ್ನೊಂದೈದು ವರ್ಷ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

“ಕಂಪನಿಯ ಸಾಲವನ್ನೆಲ್ಲ ಕೊಂಡವರೇ ಹೊತ್ತುಕೊಂಡರು, ವಸುಧಾ ಅವರೇ. ಕೊಟ್ಟಿದ್ದು ಒಂದು ಡಾಲರ್.”