ಭಂಡಾರಕ್ಕೆ ಬಗ್ಗದ ಬಾವು

ಗಂಗುಬಾಯಿ ಯಾರಿಗೂ ಹೆದರುವ ಹೆಂಗಸಲ್ಲ. ಅಕ್ಕಲಕೋಟದ ಸಂತೆಯಲ್ಲಿ ಟಗರು ಕೊಳ್ಳಲು ಬಂದವರು ಅವಳ ಬಾಯಿಗೆ ಸಿಕ್ಕರೆ ಮುಗಿಯಿತು. ಅಂಥವಳು ಊರಿನ ಆಶಾ ಕಾರ್ಯಕರ್ತೆಯಾದ ನನ್ನ ಮನೆಗೆ ಬಂದು, ಬಾಗಿಲು ಮುಚ್ಚಿಕೊಂಡು, "ನೀಲಗಂಗಾಬಾಯಿ, ನಾ ಸಾಯ್ತೀನೇನ್ರಿ?" ಎಂದಳು.

ಐದು ತಿಂಗಳಿಂದ ಬಿಳಿ ಹೋಗುತ್ತಿತ್ತು. ಈಗ ಹಳದಿ, ವಾಸನೆ. ಗಂಡನ ಜೊತೆ ಮಲಗಿದಾಗಲೆಲ್ಲ ರಕ್ತ. ಗರ್ಭಕೋಶದ ಕ್ಯಾನ್ಸರಿನಿಂದ ಸತ್ತ ಅವಳ ಅತ್ತೆಗೂ ಹೀಗೇ ಶುರುವಾಗಿತ್ತಂತೆ. ಇಷ್ಟು ದಿನ ಏನು ಮಾಡಿದೆ ಎಂದು ಕೇಳಿದರೆ, ಬೀರೋಬಾನ ಭಂಡಾರ! ಕುರಿಯ ಗಾಯಕ್ಕೂ ಕೂಸಿನ ಜ್ವರಕ್ಕೂ ಅವರ ಮನೆಯಲ್ಲಿ ದೇವರ ಆ ಅರಿಶಿನವೇ ಔಷಧ. ಅದನ್ನೇ ಬಿಸಿನೀರಿಗೆ ಕಲಸಿ ದಿನಾ ಒಳಗೆ ತೊಳೆದುಕೊಂಡಿದ್ದಳು. ನನ್ನ ಸಿಟ್ಟು ನೆತ್ತಿಗೇರಿತು. ಚೆನ್ನಾಗಿ ಬೈದು, ಮರುದಿನವೇ ಎಸ್.ಟಿ. ಬಸ್ಸು ಹತ್ತಿಸಿ ಸೋಲಾಪುರದ ಆಸ್ಪತ್ರೆಗೆ ಕರೆದೊಯ್ದೆ.

ಡಾಕ್ಟರ್ ಶುಭಾಂಗಿ ಪರೀಕ್ಷಿಸಿ, "ಗರ್ಭಕೋಶದ ಬಾಯಿಗೆ ಬಾವು ಬಂದದ, ಮುಟ್ಟಿದ್ರ ರಕ್ತ ಬರ್ತದ. ಅಲ್ಲಿಂದ ಸ್ವಲ್ಪ ತಗದು ತಪಾಸಣಿಗೆ ಕಳಸ್ತೀನಿ. ಎಂಟು ದಿನ ಕಾಯ್ರಿ. ಒಳಗ ಏನೂ ಹಾಕಿ ತೊಳಕೋಬ್ಯಾಡ್ರಿ, ಭಂಡಾರನೂ ಬ್ಯಾಡ," ಎಂದರು.

ಆ ಎಂಟು ದಿನ ಗಂಗುಬಾಯಿಗೆ ರೊಟ್ಟಿ ಸೇರಲಿಲ್ಲ, ರಾತ್ರಿಯೆಲ್ಲ ಅಳು. ಮಗಳು ಸೋನಾಲಿಯನ್ನು ಕರೆದು ತನ್ನ ಸೀರೆಗಳಲ್ಲಿ ಯಾವುದು ಯಾರಿಗೆಂದು ಹೇಳಿಟ್ಟಳು. ಭಂಡಾರ ಬಿಟ್ಟಿದ್ದಕ್ಕೆ ಬೀರೋಬಾ ಮುನಿದಾನೆಂಬ ಭಯ ಬೇರೆ. ಗಂಡ ಅಣ್ಣಾರಾಯ ದುಧನಿ ಕಡೆ ಕುರಿ ಮೇಯಿಸಿ ಬಂದು ಮನೆಯಲ್ಲೇ ಇದ್ದ. "ದೇವರು ಅದಾನ," ಎನ್ನುವುದಷ್ಟೇ ಅವನ ಮಾತು.

ರಿಪೋರ್ಟ್ ಬಂತು. ಕ್ಯಾನ್ಸರ್ ಇಲ್ಲ! ಸೋಂಕಿನ ಬಾವು, ಗುಳಿಗೆಗೆ ವಾಸಿಯಾಗುತ್ತದೆ. ಗಂಗುಬಾಯಿ ಅಲ್ಲೇ ಅತ್ತುಬಿಟ್ಟಳು. ಆದರೆ ಡಾಕ್ಟರ್ ಇನ್ನೊಂದು ಮಾತು ಹೇಳಿದರು: "ಇದು ಗಂಡ ಹೆಂಡ್ತಿ ಕೂಡಿದ್ರ ಹತ್ತೋ ಸೋಂಕು. ಅವರನ್ನೂ ಕರ್ಕೊಂಡ ಬರ್ರಿ, ಇಬ್ಬರೂ ಗುಳಿಗಿ ತಗೋಬೇಕು."

ಬಸ್ಸಿನಲ್ಲಿ ಅವಳಿಗೆ ಹೊಸ ಚಿಂತೆ. ಗಂಡ ತನ್ನ ಮೇಲೇ ಸಂಶಯಪಟ್ಟರೆ? ಕೊನೆಗೆ ನಾನೇ ಅವನೆದುರು ಕುಳಿತು ಹೇಳಿದೆ. ಅಣ್ಣಾರಾಯ ತಲೆ ಎತ್ತಲಿಲ್ಲ.

"ನಾ ಗುಳಿಗಿ ಆಗಲೇ ತಗೊಂಡೀನ್ರಿ. ನಾಕು ತಿಂಗಳಾತು. ಹೊರಗಿದ್ದಾಗ ಒಬ್ಬ ಡಾಕ್ಟರ್ ಕೊಟ್ಟಿದ್ರು."

"ಇಕಿಗೂ ಕೊಡ್ಸಂತ ಅವರು ಹೇಳಲಿಲ್ಲೇನು?"

"ಹೇಳಿದ್ರು."

ಗಂಗುಬಾಯಿ ಈಗ ಬಾಯಿ ಮಾಡುತ್ತಾಳೆ, ಮಾಡಲಿ ಎಂದು ನಾನು ಕಾದೆ. ಅವಳು ಮೆಲ್ಲಗೆ ಕೇಳಿದಳು:

"ಸಾಯ್ತೀನಂತ ನಾ ಅಳಾಕತ್ತಾಗ, ನೀವು ನನ್ನ ಮಗ್ಗಲದಾಗ ಇದ್ರಲ್ರೀ?"