ಮೆಲಂಜನ್ ಆಂಟಿ

ಮೊನ್ನೆ ಬೇಕರಿಯೊಂದರ ಮುಂದೆ ಮೆಕ್ಕೆಜೋಳದ ಹಿಟ್ಟಿನ ಬ್ರೆಡ್ ಬೇಯುವ ಪರಿಮಳ ಬಂತು ನೋಡಿ, ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ಗಲ್ಫಿನ ಖಾಲಿದಿಯಾ ಬಡಾವಣೆಯ ನಮ್ಮ ಹಳೆಯ ಫ್ಲ್ಯಾಟಿನ ಎದುರು ಬಾಗಿಲಿನಿಂದ ಪ್ರತಿ ಶುಕ್ರವಾರ ಇದೇ ಪರಿಮಳ ಬರುತ್ತಿತ್ತು. ಅಲ್ಲಿದ್ದವರು ಅಮೆರಿಕದ ಗುಡ್ಡದ ಊರೊಂದರಿಂದ ಬಂದ ಟೀಚರ್. ನಮ್ಮ ಬಾಯಲ್ಲಿ ಬರೀ ಆಂಟಿ.

ಆಗ ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸುವ ಸಮಯ. ಫಾರ್ಮಿನಲ್ಲಿ ಮಾತೃಭಾಷೆ ಎಂದಿದ್ದಲ್ಲಿ ನಾನು ಮಲಯಾಳಂ ಅಂತ ಗೀಚಿದೆ. ನಮ್ಮವರಲ್ಲಿ, ಕರಾವಳಿಯ ಮುಸ್ಲಿಮರಲ್ಲಿ, ಹಲವರು ಮಾಡುವುದೇ ಹಾಗೆ. ಮನೆಯಲ್ಲಿ ಬ್ಯಾರಿ ಭಾಷೆ, ಕಾಗದದಲ್ಲಿ ಬೇರೆ ಏನಾದರೊಂದು. ಊರಿನ ಶಾಲೆಯಲ್ಲಿ ‘ಬ್ಯಾರಿ’ ಅಂತ ಕರೆದು ನಗುತ್ತಿದ್ದದ್ದು ನನಗೆ ಮರೆತಿರಲಿಲ್ಲ... ಮಗಳಿಗೆ ಆ ನಾಚಿಕೆ ಬೇಡ ಅನ್ನಿಸಿತ್ತು.

ಗಂಡ ಅದನ್ನು ನೋಡಿ, ನಾವು ಬ್ಯಾರಿಗಳಲ್ಲವಾ ಅಂದರು. ಬ್ಯಾರಿ ಅಂದರೇನು ಅಂತ ಮಗಳು. ತುಳುವಿನ ‘ಬ್ಯಾರ’ ಮಾಡುವವರು, ಅಂದರೆ ವ್ಯಾಪಾರಿಗಳು ಅಂತ ನಾನು. ಅಲ್ಲ, ಅರಬಿಯ ‘ಬಹರ್’, ಸಮುದ್ರದ ಮಂದಿ ಅಂತ ಅವರು. ಇಬ್ಬರೂ ಬಿಡುವವರಲ್ಲ. ಬ್ರೆಡ್ ಕೊಡಲು ಬಂದ ಆಂಟಿ ಬಾಗಿಲಲ್ಲೇ ನಿಂತು, ಜಗಳ ಯಾತರದ್ದೆಂದು ಕೇಳಿದರು. ಹೇಳಿದೆವು.

ಆಂಟಿ ನಗಲಿಲ್ಲ. ಅವರ ಜನಕ್ಕೆ ಮೆಲಂಜನ್ ಅಂತ ಹೆಸರಂತೆ. ಬಿಳಿಯರು, ಆಫ್ರಿಕದವರು, ಅಲ್ಲಿನ ಮೂಲನಿವಾಸಿಗಳು ಬೆರೆತ ಜನ. ಹೆಸರು ಬೆರಕೆ ಎಂಬ ಅರ್ಥದ ಫ್ರೆಂಚ್ ಮಾತಿನಿಂದ ಬಂತೆಂದು ಕೆಲವರು, ಒಂದೇ ಹಡಗಿನಲ್ಲಿ ಬಂದ ಜೊತೆಗಾರ ಎಂಬ ಅರ್ಥದ ಆಫ್ರಿಕದ ಮಾತಿನಿಂದ ಎಂದು ಕೆಲವರು; ಅಲ್ಲೂ ಇದೇ ತಕರಾರು. ಒಂದು ಕಾಲಕ್ಕೆ ಅದು ಬೈಗುಳವೇ ಆಗಿತ್ತಂತೆ. ಅವರ ಅಜ್ಜಿ ಕೇಳಿದವರಿಗೆಲ್ಲ ‘ನಾವು ಪೋರ್ಚುಗೀಸರು’ ಅಂತ ಹೇಳಿಯೇ ಆಯುಸ್ಸು ಕಳೆದರಂತೆ.

“ಯಾವ ಅರ್ಥ ಸರಿಯೋ ನನಗೂ ಗೊತ್ತಿಲ್ಲ,” ಅಂದರು ಆಂಟಿ. “ಆದರೆ ಅಜ್ಜಿ ಹೆಸರನ್ನು ಮುಚ್ಚಿಟ್ಟರಲ್ಲ, ಅದರ ಜೊತೆ ಕಥೆಗಳನ್ನೂ ಮುಚ್ಚಿಟ್ಟರು. ನನಗೆ ಒಂದೂ ಸಿಗಲಿಲ್ಲ.”

ಮರುದಿನ ಶಾಲೆಯ ಆಫೀಸಿನಲ್ಲೇ ನಿಂತು ಮಲಯಾಳಂ ಹೊಡೆದುಹಾಕಿ ಬ್ಯಾರಿ ಅಂತ ಬರೆದೆ. ಹಾಗೊಂದು ಭಾಷೆ ಇದೆಯಾ ಅಂತ ಕೇಳಿದ ಗುಮಾಸ್ತನಿಗೆ, ಇದೆ ಮಾರಾಯ್ರೇ, ನಾನು ಮಗಳಿಗೆ ಬೈಯುವುದೂ ಅದರಲ್ಲೇ ಅಂದೆ.

ಆಮೇಲೆ ಆಂಟಿ ಊರಿಗೆ ಹೋದರು. ಹೋದ ವರ್ಷ ತೀರಿಕೊಂಡ ಸುದ್ದಿ ಬಂತು. ಒಂದು ಥ್ಯಾಂಕ್ಸ್ ಕೂಡ ಹೇಳಿರಲಿಲ್ಲ ನಾನು. ಆ ಸಂಕಟ ಹೋಗುವಂಥದ್ದಲ್ಲ...

ಮಗಳಿಗೀಗ ಹದಿನಾರು. ನನ್ನ ಪ್ರಶ್ನೆಗಳಿಗೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, ವಾರಕ್ಕೊಮ್ಮೆ ಊರಲ್ಲಿರುವ ಅಜ್ಜಿಗೆ, ನನ್ನ ಉಮ್ಮನಿಗೆ, ಫೋನು ಮಾಡಿ, ಬ್ಯಾರಿಯಲ್ಲೇ ಹಳೆಯ ಕಥೆ ಕೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಾಳೆ. ನಿನ್ನೆ ಉಮ್ಮ ಹೇಳಿದ್ದನ್ನು ನಾನೂ ಪಕ್ಕದಲ್ಲಿ ಕೂತು ಕೇಳಿದೆ. ಇಷ್ಟು ವರ್ಷ ನನಗೂ ಹೇಳದ ಕಥೆ ಅದು.