ಹಗೇವು ತೋಡಿಸಿದ ಓನರ್

ನಾನು ಡಿಗ್ರಿ ಮುಗಿಸುವುದಿಲ್ಲ ಅಂತ ಮೊದಲು ಹೇಳಿದವರು ನಮ್ಮ ಓನರ್. ಹೇಳುವಾಗ ಅವರ ಬಾಯಲ್ಲಿ ಹಸಿ ರಾಗಿ ಇತ್ತು. ಯಾವ ಚೀಲ ಕಂಡರೂ ಮೊಣಕೈವರೆಗೆ ಕೈ ತೂರಿಸಿ, ತಳದಿಂದ ಒಂದು ಹಿಡಿ ಎತ್ತಿ ಬಾಯಿಗೆ ಹಾಕಿಕೊಂಡು ಅಗಿಯುವುದು ಅವರ ಅಭ್ಯಾಸ. ಅಗಿದು, ಹೊಟ್ಟನ್ನು ಅಲ್ಲೇ ನೆಲಕ್ಕೆ ಉಗುಳುತ್ತಿದ್ದರು. ಮೀಸೆಗೆ ಅಂಟಿದ್ದು ಸಂಜೆಯವರೆಗೂ ಅಂಟಿಕೊಂಡಿರುತ್ತಿತ್ತು. ನೆಲಕ್ಕೆ ಬಿದ್ದದ್ದನ್ನು ಒರೆಸುತ್ತಿದ್ದವಳು ನನ್ನ ಅಮ್ಮ.

"ಡಿಗ್ರಿನಾ? ನೀನಾ?" ಅಂದರು. "ಆಗಾಕಿಲ್ಲ ಬಿಡಮ್ಮಿ. ಆದ್ರೂ ಅದನ್ನ ಕೇಳೋಕೆ ಆಫೀಸು ಅಂತ ಒಂದು ಇರ್ಬೇಕಲ್ಲ. ಎಲ್ಲಾ ಮುಳುಗೋಗ್ತದೆ. ಆವಾಗ ಸರ್ಟಿಫಿಕೇಟ್ ನೆನೆಹಾಕ್ಕೊಂಡು ಮುದ್ದೆ ತಿರುವ್ತೀಯಾ?"

ಹೇಳಿ ಇನ್ನೊಂದು ಸಲ ಉಗುಳಿದರು.

ಅವರು ಅಲ್ಲಾಳಸಂದ್ರದ ಹಳೇ ಊರಿನವರು. ಹೊಲಗಳೆಲ್ಲ ಲೇಔಟ್ ಆದಮೇಲೆ ಉಳಿದ ಜಾಗದಲ್ಲಿ ನಾಲ್ಕು ಅಂತಸ್ತು ಎಬ್ಬಿಸಿ ಬಾಡಿಗೆಗೆ ಬಿಟ್ಟಿದ್ದರು. ಅಪ್ಪ ಅಲ್ಲಿ ವಾಚ್‌ಮನ್, ಅಮ್ಮ ಅವರ ಮನೆಗೆಲಸದವಳು. ನಾವು ಗೌರಿಬಿದನೂರು ಕಡೆಯಿಂದ ಬಂದವರು. ಮೆಟ್ಟಿಲ ಕೆಳಗಿನ ರೂಮು ನಮ್ಮದು. ನೇರವಾಗಿ ನಿಂತರೆ ಅಪ್ಪನ ತಲೆ ಮೇಲಿನ ಮೆಟ್ಟಿಲಿಗೆ ತಾಗುತ್ತಿತ್ತು. ಆ ರೂಮಿನಿಂದ ನಾನು ಯಲಹಂಕದ ಸರ್ಕಾರಿ ಕಾಲೇಜಿಗೆ ಬಿಎಸ್ಸಿ ಓದಲು ಹೋಗುತ್ತಿದ್ದೆ. ನಮ್ಮ ವಂಶದಲ್ಲಿ ಎಸ್ಸೆಸ್ಸೆಲ್ಸಿ ದಾಟಿದ ಇನ್ನೊಬ್ಬರಿಲ್ಲ. ಇದನ್ನು ಸಂಕೋಚವಿಲ್ಲದೆ ಬರೆಯುತ್ತಿದ್ದೇನೆ.

ಓನರ್ ಮೊದಲು ಹೀಗಿರಲಿಲ್ಲ ಅನ್ನುತ್ತಾಳೆ ಅಮ್ಮ. ಲಾಕ್‌ಡೌನಿನಲ್ಲಿ ಬಳ್ಳಾರಿ ರಸ್ತೆಯ ಮೇಲೆ ಗಂಟುಮೂಟೆ ಹೊತ್ತು ನಡೆದುಹೋದ ಜನರನ್ನು ಅವರು ಟೆರೇಸಿನಿಂದ ನೋಡಿದ್ದರು. ಪಕ್ಕದ ಬೀದಿಯವರು ಓಡಿಹೋಗಿ ಮಜ್ಜಿಗೆ, ಬಿಸ್ಕತ್ತು ಕೊಟ್ಟು ಬಂದರು. ಇವರು ಕೆಳಗಿಳಿದು ಬಂದು ಗೇಟಿಗೆ ಎರಡನೇ ಬೀಗ ಹಾಕಿಸಿದರು. "ಇವತ್ತು ನಡ್ಕೊಂಡು ಓಗ್ತಾವ್ರೆ. ನಾಳೆ ಒಳೀಕೆ ನುಗ್ತಾರೆ" ಅಂದರಂತೆ.

ಆಮೇಲೆ ಶುರುವಾಯಿತು. ಬೇಸ್‌ಮೆಂಟಿನಲ್ಲಿ ಕಾರುಗಳಿಗೆ ಜಾಗ ಇಲ್ಲದಂತಾಯಿತು. ರಾಗಿ, ಅಕ್ಕಿ, ಹುರುಳಿ ಚೀಲಗಳು, ಎಣ್ಣೆ ಟಿನ್ನುಗಳು, ಡೀಸೆಲ್ ಡ್ರಮ್ಮು, ಉಪ್ಪಿನ ಮೂಟೆ, ಪೆಟ್ಟಿಗೆ ಪೆಟ್ಟಿಗೆ ಬೆಂಕಿಪೊಟ್ಟಣ. ಫೋನಿನಲ್ಲಿ ದಿನವಿಡೀ ವಿಡಿಯೋ ನೋಡುವರು. ಕರೆಂಟು ಹೋದರೆ ಏನು, ಬ್ಯಾಂಕು ಮುಚ್ಚಿದರೆ ಏನು, ನೀರಿಗಾಗಿ ಜನ ಹೊಡೆದಾಡಿದರೆ ಏನು. ಬಾಡಿಗೆದಾರರು ಗೊಣಗಿದರೆ, "ಇಷ್ಟ ಇಲ್ದಿದ್ರೆ ವಿದ್ಯಾರಣ್ಯಪುರದಾಗೆ ಮನೆ ನೋಡ್ಕಳಿ" ಅನ್ನುವರು.

ಅವರ ನಿಯಮ ಒಂದೇ: ಹಳೇದು ಮೊದಲು. ಹೊಸ ಚೀಲ ಮುಟ್ಟುವ ಹಾಗಿಲ್ಲ, ಅದು ಕೆಟ್ಟ ಕಾಲಕ್ಕೆ. ಹಳೆಯದು ಮುಗಿಯುವಷ್ಟರಲ್ಲಿ ಹೊಸದಕ್ಕೂ ಹುಳ ಬಿದ್ದು ಅದೇ ಹಳೆಯದಾಗಿರುತ್ತಿತ್ತು. ಹೀಗಾಗಿ ಆ ಬೀದಿಯಲ್ಲೇ ಹೆಚ್ಚು ದವಸ ಇದ್ದ ಮನೆಯವರು ವರ್ಷವಿಡೀ ಮುಗ್ಗಿದ ಅಕ್ಕಿ ಉಂಡರು. ಕಮಟು ಎಣ್ಣೆಯ ಒಗ್ಗರಣೆ ವಾಸನೆ ನಮ್ಮ ರೂಮಿಗೂ ಇಳಿಯುತ್ತಿತ್ತು. ಓನರ್ ಹೆಂಡತಿಯನ್ನು ನಾನು ಆಂಟಿ ಅನ್ನುತ್ತಿದ್ದೆ. ಆಕೆ ಮೊರ ಹಿಡಿದು ಕೂತರೆ ಹುಳಗಳು ಮೊರದ ಅಂಚು ಹತ್ತಿ ಅವರ ಮುಂಗೈಗೆ ಬರುತ್ತಿದ್ದವು. ಕೊಡವಿಕೊಂಡು ಮತ್ತೆ ಕೇರುವರು. ಆಂಟಿಯೂ ತಿನ್ನಲಾರದೆ ಉಳಿದದ್ದು ನಮಗೆ. ಅಮ್ಮ ಅದನ್ನು ಮೂರು ನೀರಿನಲ್ಲಿ ತೊಳೆದರೂ ಅನ್ನದಲ್ಲಿ ಸಣ್ಣ ಕಪ್ಪು ತಲೆಗಳು ಸಿಗುತ್ತಿದ್ದವು. ಇವತ್ತಿಗೂ ನಾನು ಜೀರಿಗೆ ಹಾಕಿದ ಅನ್ನ ತಿನ್ನುವುದಿಲ್ಲ.

ಇದಕ್ಕಿಂತ ಅಸಹ್ಯ ಹುಟ್ಟಿಸಿದ್ದು ಅವರ ಯೋಜನೆ. ಎಲ್ಲ ಮುಳುಗಿದ ದಿನ ಗೇಟಿನ ಒಳಗೆ ಯಾರು ಇರಬೇಕು ಅಂತ ಅವರು ತೀರ್ಮಾನಿಸಿಬಿಟ್ಟಿದ್ದರು. ಒಂದು ಭಾನುವಾರ ಅಪ್ಪನನ್ನು ಕರೆದು, ದೊಡ್ಡ ಉಪಕಾರ ಮಾಡುವವರ ಹಾಗೆ ಹೇಳಿದರು. "ನಿಮ್ಮನ್ನ ಕೈ ಬಿಡಾಕಿಲ್ಲ ಕಣೋ. ನೀನು ಗೇಟ್ ಕಾಯಿ. ನಿನ್ನೆಂಡ್ರು ರಾಗಿ ಬೀಸ್ಲಿ. ಈ ನಿನ್ನ ಮಗ್ಳು ಇಸ್ಕೂಲು ಪಸ್ಕೂಲು ಬಿಟ್ಟು ಈಗ್ಲೇ ಎಮ್ಮೆ ಆಲು ಕರೆಯೋದು ಕಲೀಲಿ."

ಅಪ್ಪ "ಆಗ್ಲಿ ಯಜಮಾನ್ರೇ" ಅಂದ. ಸರ್ಕಾರ, ಬ್ಯಾಂಕು, ಕರೆಂಟು, ರಸ್ತೆ ಎಲ್ಲ ಹೋಗುತ್ತದೆ ಅಂತ ಊಹಿಸಬಲ್ಲ ಮನುಷ್ಯನಿಗೆ ನನ್ನ ಅಮ್ಮನ ಕೈಯಿಂದ ಪೊರಕೆ ಹೋಗುವುದನ್ನು ಊಹಿಸಲು ಆಗಿರಲಿಲ್ಲ. ಲೋಕ ಮುಳುಗಿದ ಮೇಲೂ ನಾವು ಮೆಟ್ಟಿಲ ಕೆಳಗೇ.

ನಾನು ಬಿಎಸ್ಸಿ ಎರಡನೇ ವರ್ಷದಲ್ಲಿದ್ದಾಗ ಅವರಿಗೆ ಹಗೇವಿನ ಹುಚ್ಚು ಹತ್ತಿತು. ಹಗೇವು ಅಂದರೆ ನೆಲದೊಳಗಿನ ಕಣಜ. ಒಬ್ಬರು ಇಳಿಯುವಷ್ಟು ಸಣ್ಣ ಬಾಯಿ, ಒಳಗೆ ಗುಡಾಣದ ಹಾಗೆ ಅಗಲ ಹೊಟ್ಟೆ. ರಾಗಿ ತುಂಬಿ, ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಅವರ ತಾತನ ಕಾಲದಲ್ಲಿ ಊರಿನ ಎತ್ತರದ ಗಟ್ಟಿ ನೆಲದಲ್ಲಿ ಒಂದಿತ್ತಂತೆ. ಆ ವಿಷಯ ಹೇಳುವಾಗ ಮಾತ್ರ ಓನರ್ ಮುಖ ಚೆನ್ನಾಗಿರುತ್ತಿತ್ತು.

"ಬರ ಬಂದಾಗ ನಮ್ ತಾತ ಅಗೇವು ತೆಗ್ಸಿದ್ರಂತೆ ಕಣಮ್ಮಿ. ಊರಿಗೂರೇ ಉಂಡಿತ್ತು. ಸುಮ್ಗೆ ಇಳಿಯೋಕಾಗಲ್ಲ ಅದ್ರಾಗೆ. ಬಾಯಿ ತೆಗೆದು ಒಂದಿನ ಗಾಳಿ ಆಡೋಕೆ ಬಿಡ್ಬೇಕು. ಆಮ್ಯಾಕೆ ದೀಪ ಇಳೆ ಬಿಡ್ಬೇಕು. ದೀಪ ಉರುದ್ರೆ ಮನ್ಸ ಇಳೀಬೋದು. ಆರೋದ್ರೆ ಇಳೀಬಾರ್ದು, ಎಣ ಆಗ್ತಾನೆ."

ಮುಚ್ಚಿಟ್ಟ ದವಸ ಒಳಗಿನ ಗಾಳಿ ಕೆಡಿಸುತ್ತದೆ ಅನ್ನುವುದು ನನಗೆ ಕಾಲೇಜಿನಿಂದ ಗೊತ್ತಿತ್ತು, ಈ ಪದ್ಧತಿ ಗೊತ್ತಿರಲಿಲ್ಲ. ಚೆನ್ನಾಗಿ ಹೇಳಿದರು ಅನ್ನಿಸಿ ಕೇಳಿದೆ: "ನೀವು ತೆಗೆಸಿದಾಗ ಯಾರು ಉಣ್ತಾರೆ ಓನರ್?"

"ಯಾರುಣ್ತಾರೆ ಅಂದ್ರೆ? ನಾನು."

"ಊರು?"

"ಯಾವೂರು? ಎಲ್ಲೈತೆ ಊರು? ಇವ್ರೆಲ್ಲಾ ಬಂದೋರು" ಅಂದು ಉಗುಳಿದರು.

ಸೈಟಿನ ಎತ್ತರದ ಭಾಗದಲ್ಲಿ ಅಂಗಡಿಗಳನ್ನು ಬಾಡಿಗೆಗೆ ಬಿಟ್ಟಿದ್ದರು. ಅವನ್ನು ಕೆಡವುವ ಮನಸ್ಸು ಬರಲಿಲ್ಲ. ಹಾಗಾಗಿ ಹಗೇವು ತೋಡಿಸಿದ್ದು ಹಿಂದಿನ ತಗ್ಗಿನ ಮೂಲೆಯಲ್ಲಿ, ಅಲ್ಲಾಳಸಂದ್ರ ಕೆರೆಯ ದಿಕ್ಕಿಗೆ. ಗುಂಡಿಯಲ್ಲಿ ನೀರು ಜಿನುಗಿದಾಗ ಮೇಸ್ತ್ರಿ ತಲೆ ಕೆರೆದುಕೊಂಡ. ಓನರ್ ಒಳಗೆಲ್ಲ ಸಿಮೆಂಟು ಬಳಿಸಿ, ಹೊಸ ರಾಗಿ ಸುರಿಸಿ, ಅರಿಶಿನ ಕುಂಕುಮ ಹಚ್ಚಿ ಚಪ್ಪಡಿ ಎಳೆಸಿದರು.

ನನ್ನ ಕೊನೆಯ ಸೆಮಿಸ್ಟರಿನ ಕೊನೆಯ ಪರೀಕ್ಷೆಯ ದಿನ ಬೆಳಿಗ್ಗೆ ಏಳಕ್ಕೆ ಅದನ್ನು ತೆರೆದರು. ಒಂದು ವಾರದಿಂದ ಹಿತ್ತಲು ನಾರುತ್ತಿತ್ತು. ಅಪ್ಪ ಹಾರೆ ಹಾಕಿ ಚಪ್ಪಡಿ ಸರಿಸಿದ ಕೂಡಲೇ ಎದ್ದ ವಾಸನೆಯನ್ನು ಹೇಗೆ ಹೇಳಲಿ? ಕೊಳೆತ ಹಿಟ್ಟು, ಸತ್ತ ಇಲಿ, ಹುಳಿ ಹೆಂಡ, ಮೂರೂ ಸೇರಿ ಬಿಸಿ ಉಸಿರಿನ ಹಾಗೆ ಮುಖಕ್ಕೆ ಹೊಡೆಯಿತು. ಒಳಗೆ ಕಪ್ಪು ಅಂಬಲಿ ಗುಳುಗುಳು ಅನ್ನುತ್ತಿತ್ತು. ಅಂಚಿಗೆ ಮಾತ್ರ ಒಂದಿಷ್ಟು ರಾಗಿ ಒಣಗಿರುವ ಹಾಗೆ ಕಂಡಿತು.

ಮೇಲಿನ ಬಾಲ್ಕನಿಗಳಲ್ಲಿ ಬಾಡಿಗೆದಾರರು ಮೂಗಿಗೆ ಟವೆಲ್ ಒತ್ತಿಕೊಂಡು ಬಂದು ನಿಂತರು. "ಏನ್ ಸಾರ್, ಯಾರನ್ನಾದ್ರೂ ಹೂತಿದ್ರಾ?" ಅಂತ ಒಬ್ಬ ಕೂಗಿದ. ಇನ್ನೊಬ್ಬ ನಕ್ಕ. ಓನರ್ ಕಿವಿ ಕೆಂಪಾಯಿತು. ದೀಪಕ್ಕೆ ಹಗ್ಗ ಕಟ್ಟಿ ತಾವೇ ಇಳಿಬಿಟ್ಟರು. ಒಂದು ಮಾರು ಹೋಗುವಷ್ಟರಲ್ಲಿ ದೀಪ ಆರಿತು. ಎಲ್ಲರೂ ನೋಡಿದೆವು. ಮೇಲಕ್ಕೆಳೆದು ಪಕ್ಕದಲ್ಲಿಟ್ಟು ಅಮ್ಮನ ಕಡೆ ತಿರುಗಿದರು.

"ಇಳಿಯಮ್ಮ. ಅಂಚಿಗಿರೋದನ್ನ ಬೇಗ ಬೇಗ ಬಕೀಟಿಗೆ ತುಂಬು. ಜನ ನೋಡ್ತಾವ್ರೆ."

ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಚಿನಲ್ಲಿ ಕೂತು, ಒಂದು ಕಾಲು ಒಳಗೆ ಬಿಟ್ಟಳು. ನಾನು ಹಾಲ್ ಟಿಕೆಟ್ ಹಿಡಿದು ಹೊರಟವಳು ಓಡಿಬಂದು ರಟ್ಟೆ ಹಿಡಿದೆ.

"ದೀಪ ಆರಿತಲ್ಲ ಓನರ್."

"ಎಣ್ಣೆ ಮುಗ್ದಿತ್ತು."

ಅಮ್ಮ ಕೂತಲ್ಲಿಂದಲೇ ದೀಪ ಎತ್ತಿಕೊಂಡು ಓರೆ ಮಾಡಿದಳು. ಎಣ್ಣೆ ಧಾರೆಯಾಗಿ ಅವಳ ಅಂಗೈಗೆ ಬಿತ್ತು. "ಎಣ್ಣೆ ಐತಲ್ಲ ಯಜಮಾನ್ರೇ" ಅಂದಳು. ಜೋರಾಗಿ ಹೇಳಲಿಲ್ಲ. ಹುಣಸೆಹಣ್ಣು ಇದೆ, ತರಬೇಡಿ ಅನ್ನುವ ಹಾಗೆ ಹೇಳಿದಳು.

ಓನರ್ ಅವಳ ಮುಖ ನೋಡಲಿಲ್ಲ. "ಇಳ್ದ್ರೆ ಇಳಿ. ಇಲ್ಲಾಂದ್ರೆ ಸಾಯಂಕಾಲಕ್ಕೆ ರೂಮ್ ಖಾಲಿ ಮಾಡಿ. ನಿನ್ ಮಗ್ಳು ಪರೀಕ್ಷೆ ಬರೆದು ಬರೋಷ್ಟ್ರಾಗೆ ಸಾಮಾನು ಬೀದೀಲಿರ್ತದೆ."

ಅಮ್ಮ ನನ್ನನ್ನು ನೋಡಿದಳು. ಆ ನೋಟ ಈಗಲೂ ನನ್ನನ್ನು ಸುಡುತ್ತದೆ. ನನ್ನ ಪರೀಕ್ಷೆ ಉಳಿಯಲಿ ಅಂತ ಅವಳು ಇಳಿಯಲು ತಯಾರಿದ್ದಳು. "ನೀನು ಇಳಿದ್ರೆ ನಾನು ಹೋಗಲ್ಲ" ಅಂದೆ. "ನಿನ್ನ ಹಿಂದೇನೇ ಇಳೀತೀನಿ."

ಆಗ ಅಪ್ಪ ಹಾರೆ ಬಿಟ್ಟು ಬಂದ. ಅಮ್ಮನ ಇನ್ನೊಂದು ರಟ್ಟೆ ಹಿಡಿದು ಎಬ್ಬಿಸಿದ. ಸೊಂಟದಲ್ಲಿದ್ದ ಗೇಟಿನ ಕೀಗೊಂಚಲು ಬಿಚ್ಚಿ ಚಪ್ಪಡಿ ಮೇಲಿಟ್ಟ. ಓನರ್‌ಗೆ ಬೆನ್ನು ಹಾಕಿದ. ನನಗೆ ಹೇಳಿದ: "ಬಸ್ಸು ಹೋಗಿಬಿಡುತ್ತೆ ಕಣವ್ವ. ನಡಿ."

ಪರೀಕ್ಷೆ ಹಾಲಿನಲ್ಲಿ ನನ್ನ ಚೂಡಿದಾರದಿಂದ ಆ ವಾಸನೆ ಬರುತ್ತಿತ್ತು. ಮುಂದಿನ ಬೆಂಚಿನ ಹುಡುಗಿ ತಿರುಗಿ ನೋಡಿ ವೇಲ್ ಮೂಗಿಗೆ ಹಿಡಿದಳು. ನಾನು ಬರೆದೆ. ಹೆಚ್ಚುವರಿ ಹಾಳೆ ಕೇಳಿ ಬರೆದೆ. ಸಂಜೆ ಹೊತ್ತಿಗೆ ನಮ್ಮ ಸಾಮಾನು ಲಗೇಜ್ ಆಟೋದಲ್ಲಿ ಬಾಗಲಗುಂಟೆ ಸೇರಿತ್ತು, ಅಮ್ಮನ ಅಣ್ಣನ ಮನೆಗೆ.

ಮುಂದಿನ ಚಳಿಗಾಲದಲ್ಲಿ ಓನರ್ ತೀರಿಕೊಂಡರು. ಎದೆನೋವು ಬಂತಂತೆ, ಹೆಬ್ಬಾಳದ ಹತ್ತಿರದ ಆಸ್ಪತ್ರೆಯಲ್ಲಿ ಹೋದರಂತೆ. ಬಸ್ಸುಗಳು ಓಡುತ್ತಿದ್ದವು, ಕರೆಂಟು ಇತ್ತು, ಮೂಲೆಯ ಅಂಗಡಿಯಲ್ಲಿ ಹಾಲು ಸಿಗುತ್ತಿತ್ತು. ತಿಥಿಗೆ ಅಮ್ಮ ಹೋಗೋಣ ಅಂದಳು. ನನಗೆ ಇಷ್ಟವಿರಲಿಲ್ಲ, ಅವಳಿಗಾಗಿ ಹೋದೆ. ಗೇಟಿನ ಹೊರಗೆ ಕಸದ ಟ್ರ್ಯಾಕ್ಟರ್ ನಿಂತಿತ್ತು, ಬೇಸ್‌ಮೆಂಟಿನ ಚೀಲಗಳನ್ನು ಕೂಲಿಯವರು ಮುಖಕ್ಕೆ ಬಟ್ಟೆ ಕಟ್ಟಿ ಅದಕ್ಕೆ ಎಸೆಯುತ್ತಿದ್ದರು. ಆಂಟಿ ನಮ್ಮನ್ನು ಪಂಕ್ತಿಯಲ್ಲಿ ಕೂರಿಸಿ ತಾವೇ ಬಡಿಸಿದರು. ಅಮ್ಮನ ಎಲೆಯ ಮುಂದೆ ಬಗ್ಗಿ, "ಅಂಗಡಿಯಿಂದ ತರ್ಸಿರೋ ಅಕ್ಕಿ ಕಣಮ್ಮ. ಎದರ್ಬೇಡ, ಉಣ್ಣು" ಅಂದರು.

ಅವರನ್ನು ನೆನೆದರೆ ಇವತ್ತಿಗೂ ನನಗೆ ಹೇಸಿಗೆಯೇ ಮೊದಲು ಬರುವುದು. ಸತ್ತವರ ಬಗ್ಗೆ ಹೀಗೆ ಬರೆಯಬಾರದು ಅನ್ನುವವರು ಆ ಹಗೇವಿನ ಬಾಯಲ್ಲಿ ಒಂದು ಕ್ಷಣ ಕೂತು ನೋಡಲಿ. ಆದರೂ ಒಂದು ಋಣ ಇದೆ, ಬಚ್ಚಿಡುವುದಿಲ್ಲ. ದೀಪದ ಮಾತು ನನಗೆ ಹೇಳಿಕೊಟ್ಟವರು ಅವರೇ. ಅಮ್ಮ ಉಳಿದದ್ದು ಅದರಿಂದ. ತಾತನಿಂದ ಬಂದದ್ದರಲ್ಲಿ ಅವರು ಹುಳ ಬೀಳದಂತೆ ಉಳಿಸಿಕೊಂಡಿದ್ದದ್ದು ಆ ಒಂದು ಮಾತನ್ನು. ಅದನ್ನೂ ಅವರೇ ಪಾಲಿಸಲಿಲ್ಲ.

ಡಿಗ್ರಿ ಸರ್ಟಿಫಿಕೇಟನ್ನು ಕಾಲೇಜಿನ ಕೌಂಟರಿನಲ್ಲಿ ಸಹಿ ಮಾಡಿ ತೆಗೆದುಕೊಂಡೆ. ಬಸ್ಸಿನಲ್ಲಿ ಬಾಗಲಗುಂಟೆವರೆಗೆ ತೊಡೆಯ ಮೇಲೆ ಚಪ್ಪಟೆಯಾಗಿ ಇಟ್ಟುಕೊಂಡು ಬಂದೆ. ಮನೆಯಲ್ಲಿ ಅಮ್ಮ ಪಾತ್ರೆ ತೊಳೆಯುತ್ತಿದ್ದಳು. ಎದ್ದು, ಎರಡು ಸಲ ಸೆರಗಿಗೆ ಕೈ ಒರೆಸಿಕೊಂಡು, ಅಂಚು ಮಾತ್ರ ಹಿಡಿದು ಇಸಿದುಕೊಂಡಳು. ಓದಲು ಬಾರದಿದ್ದರೂ ತುಂಬ ಹೊತ್ತು ನೋಡಿದಳು. ಅಪ್ಪ ಮಂಚದ ಕೆಳಗಿಂದ ಟ್ರಂಕು ಎಳೆದು ಮುಚ್ಚಳ ತೆಗೆದ.

"ಟ್ರಂಕಲ್ಲಿ ಬೇಡ" ಅಂದಳು ಅಮ್ಮ. "ಮುಚ್ಚಿಟ್ರೆ ಮುಗ್ಗು ಹಿಡಿಯುತ್ತೆ. ಬಾಗಿಲಿಗೆ ಎದುರಾಗಿ ಗೋಡೆಗೆ ಹಾಕು. ಗಾಳಿ ಆಡ್ಲಿ."